ನೆಂಟರಿಗೆ ಕೈಗಡ ಕೊಡುವುದು ಹೇಗೆ, ವಾಪಸ್ ಕೇಳುವುದು ಹೇಗೆ

"ಭಾವನಿಗೆ ದುಡ್ಡು ಕೊಟ್ಟು ಎರಡು ವರ್ಷ ಆಯ್ತು. ಹೇಗೆ ಕೇಳಲಿ?" ಈ ಪ್ರಶ್ನೆ ನನಗೆ ಬರುವಷ್ಟು ಸಲ ಬೇರೆ ಯಾವುದೂ ಬರುವುದಿಲ್ಲ. ಭಾವನ ಜಾಗದಲ್ಲಿ ಒಮ್ಮೊಮ್ಮೆ ಗೆಳೆಯ ಇರುತ್ತಾನೆ, ಒಮ್ಮೊಮ್ಮೆ ಆಫೀಸಿನ ಜೊತೆಗಾರ, ಪಕ್ಕದ ಮನೆಯವರು. ಮೊತ್ತ 5,000 ಇರಬಹುದು, 5 ಲಕ್ಷ ಇರಬಹುದು. ಕೊಟ್ಟವರಿಗೆ ಕೇಳಲು ಮುಜುಗರ, ತೆಗೆದುಕೊಂಡವರಿಗೆ ಮುಖ ತೋರಿಸಲು ಮುಜುಗರ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅಂತ ಗಾದೆ ಸುಮ್ನೆ ಹುಟ್ಟಿಲ್ಲ.

ಆದರೆ ನಾನು ಕಂಡಂತೆ ಇಸ್ಕೊಂಡವರೆಲ್ಲ ಈರಭದ್ರರಲ್ಲ. ಜಾಸ್ತಿ ಜನ ವಾಪಸ್ ಕೊಡಬೇಕು ಅಂದುಕೊಂಡೇ ತೆಗೆದುಕೊಂಡಿರುತ್ತಾರೆ. ಕೆಡುವುದು ಕೊಡುವ ದಿನವೇ. ಅವತ್ತು ಯಾರೂ ತಾರೀಖಿನ ಮಾತು ಎತ್ತುವುದಿಲ್ಲ. "ನಿಧಾನಕ್ಕೆ ಕೊಡು ಬಿಡೋ" ಅನ್ನುತ್ತೀರಿ. ನಿಮ್ಮ ನಿಧಾನ ಮೂರು ತಿಂಗಳು, ಅವನ ನಿಧಾನ ಮೂರು ವರ್ಷ. ಅವತ್ತು ಹತ್ತು ನಿಮಿಷ ಮುಜುಗರ ಪಟ್ಟಿದ್ದರೆ ಆಮೇಲೆ ವರ್ಷಗಟ್ಟಲೆ ಮುಜುಗರ ಪಡುವುದು ತಪ್ಪುತ್ತಿತ್ತು. ಕೆಳಗಿನ ಹಂತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆ ಹತ್ತು ನಿಮಿಷದ್ದೇ.

ಕೈಗಡ ಅಂದರೆ ಬಡ್ಡಿ ಇಲ್ಲದೆ, ಅಡವು ಇಲ್ಲದೆ, ನಂಬಿಕೆಯ ಮೇಲೆ ಕೊಡುವ ಸಾಲ. ಕೆಲವರು ಕೈಸಾಲ ಅನ್ನುತ್ತಾರೆ. ನೂರಕ್ಕೆ ಎರಡು ರೂಪಾಯಿ, ಮೂರು ರೂಪಾಯಿ ಅಂತ ಬಡ್ಡಿಗೆ ಬಿಡುವುದು ಬೇರೆ ವ್ಯವಹಾರ. ಅದನ್ನೇ ದಂಧೆಯಾಗಿ ಮಾಡಬೇಕಾದರೆ ಕರ್ನಾಟಕದಲ್ಲಿ ಲೈಸೆನ್ಸ್ ಬೇಕು. ಆ ಮಾತು ಇಲ್ಲಿ ಬೇಡ.

ಹಂತ 1: ಫೋನಿನಲ್ಲೇ ಹೂಂ ಅನ್ನಬೇಡಿ

ಸಾಲ ಕೇಳುವ ಫೋನು ಬರುವುದು ನೀವು ಬಸ್ಸಿನಲ್ಲಿದ್ದಾಗ, ಇಲ್ಲವೇ ಒಲೆಯ ಮೇಲೆ ಹಾಲಿಟ್ಟಾಗ. "ಮನೇಲಿ ಮಾತಾಡಿ ನಾಳೆ ಸಂಜೆ ಹೇಳ್ತೀನಿ" ಅನ್ನಿ. ಇದು ಸುಳ್ಳಲ್ಲ, ಏಕೆಂದರೆ ನಿಜವಾಗಲೂ ಮನೆಯಲ್ಲಿ ಮಾತಾಡಬೇಕು. ಗಂಡನಿಗೆ ಗೊತ್ತಿಲ್ಲದೆ ತಮ್ಮನಿಗೆ, ಹೆಂಡತಿಗೆ ಗೊತ್ತಿಲ್ಲದೆ ಗೆಳೆಯನಿಗೆ ಕೊಟ್ಟ ದುಡ್ಡು ಎರಡು ಮನೆಯಲ್ಲಿ ಜಗಳ ತರುತ್ತದೆ.

ಹೇಳಿದ ಸಂಜೆ ನೀವೇ ಫೋನ್ ಮಾಡಿ. ಕೇಳಿದವರನ್ನು ಕಾಯಿಸಿ ಕಾಯಿಸಿ ಕೊನೆಗೆ ಇಲ್ಲ ಅನ್ನುವುದಕ್ಕಿಂತ ಮರುದಿನವೇ ಇಲ್ಲ ಅನ್ನುವುದು ಎಷ್ಟೋ ವಾಸಿ. ಅವರು ಬೇರೆ ದಾರಿ ಹುಡುಕಿಕೊಳ್ಳಬೇಕಲ್ವಾ?

ಆಸ್ಪತ್ರೆ ತುರ್ತು ಅಂದರೆ ಒಂದು ರಾತ್ರಿ ಕಾಯಲು ಆಗುವುದಿಲ್ಲ. ಆಗ ದುಡ್ಡನ್ನು ನೇರವಾಗಿ ಆಸ್ಪತ್ರೆಯ ಬಿಲ್ ಕೌಂಟರಿಗೆ ಕಟ್ಟಿ. ಕಾಲೇಜು ಫೀಸಿಗೂ ಇದೇ ದಾರಿ. ಅವರನ್ನು ನಂಬದೆ ಹಾಗೆ ಮಾಡುವುದಲ್ಲ. ಕೈಗೆ ಬಂದ ದುಡ್ಡಿಗೆ ಮನೆಯಲ್ಲಿ ಇನ್ನೂ ನಾಲ್ಕು ಖರ್ಚು ಕಾಯುತ್ತಿರುತ್ತವೆ.

ಎಚ್ಚರಿಕೆ: ವಾಟ್ಸಾಪ್ ಮೆಸೇಜಿನಲ್ಲಿ ಅರ್ಜೆಂಟ್ ದುಡ್ಡು ಕೇಳಿದರೆ, ಗೆಳೆಯನ ನಂಬರೇ ಆದರೂ, ಫೋನ್ ಮಾಡಿ ದನಿ ಕೇಳಿದ ಮೇಲೆ ಮುಂದುವರಿಯಿರಿ. ಖಾತೆ ಕದ್ದು ಎಲ್ಲರಿಗೂ ಹಾಗೆ ಕಳಿಸುವವರಿದ್ದಾರೆ. ಮೋಸ ಹೋದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಹಂತ 2: ಎಷ್ಟು ಹೋದರೆ ನಿದ್ದೆ ಕೆಡುವುದಿಲ್ಲ?

ಕೇಳಿದ ಮೊತ್ತವನ್ನು ಪಕ್ಕಕ್ಕಿಡಿ. ಈ ದುಡ್ಡು ವಾಪಸ್ ಬರಲೇ ಇಲ್ಲ ಅಂದುಕೊಳ್ಳಿ. ಎಷ್ಟರವರೆಗೆ ನಿಮ್ಮ ಮನೆ ನಡೆಯುತ್ತದೆ? ಅಷ್ಟೇ ನಿಮ್ಮ ಮಿತಿ. ಅವರು 2 ಲಕ್ಷ ಕೇಳಿರಬಹುದು, ನಿಮ್ಮ ಮಿತಿ 30,000 ಇರಬಹುದು. 30,000 ಕೊಡಿ. ಮಕ್ಕಳ ಫೀಸಿನ ದುಡ್ಡು, ಅಪ್ಪ ಅಮ್ಮನ ಔಷಧಿಗೆ ಇಟ್ಟ ದುಡ್ಡು, ಅವಧಿಗೆ ಮುಂಚೆ ಒಡೆಯಬೇಕಾದ ಠೇವಣಿ, ಇವನ್ನೆಲ್ಲ ಲೆಕ್ಕಕ್ಕೇ ಹಿಡಿಯಬೇಡಿ.

ನೀವೇ ಬೇರೆ ಕಡೆ ಸಾಲ ಮಾಡಿ ಅವರಿಗೆ ಕೊಡುವುದು, ಕ್ರೆಡಿಟ್ ಕಾರ್ಡ್ ಉಜ್ಜಿ ಕೊಡುವುದು, ಹೆಂಡತಿಯ ಸರ ಅಡವಿಟ್ಟು ಕೊಡುವುದು ಬೇಡವೇ ಬೇಡ. ಅವರ ಕಂತು ತಪ್ಪಿದರೆ ಬ್ಯಾಂಕಿನವರು ಫೋನ್ ಮಾಡುವುದು ನಿಮಗೆ. ಸಿಬಿಲ್ ಸ್ಕೋರ್, ಅಂದರೆ ಸಾಲ ತೀರಿಸುವುದರಲ್ಲಿ ನೀವು ಎಷ್ಟು ನಂಬಿಕಸ್ಥರು ಎಂದು ಬ್ಯಾಂಕುಗಳು ನೋಡುವ ಅಂಕ, ಇಳಿಯುವುದೂ ನಿಮ್ಮದೇ.

ಹಂತ 3: ಮೂರು ಪ್ರಶ್ನೆ ಕೇಳಿ

ಯಾತಕ್ಕೆ? ಯಾವಾಗ ವಾಪಸ್? ಯಾವ ದುಡ್ಡಿನಿಂದ ವಾಪಸ್?

ಮೊದಲಿನ ಎರಡನ್ನು ಎಲ್ಲರೂ ಕೇಳುತ್ತಾರೆ. ಮೂರನೆಯದನ್ನು ಯಾರೂ ಕೇಳುವುದಿಲ್ಲ, ಮುಖ್ಯವಾದದ್ದು ಅದೇ. "ಮುಂದಿನ ತಿಂಗಳು ಕೊಡ್ತೀನಿ" ಅನ್ನುವುದು ಆಸೆ. "ಕಬ್ಬಿನ ಬಿಲ್ಲು ಬಂದ ತಕ್ಷಣ ಕೊಡ್ತೀನಿ", "ಫೆಬ್ರವರಿಯಲ್ಲಿ ಚೀಟಿ ಎತ್ತುತ್ತೀನಿ, ಅದರಲ್ಲಿ ಕೊಡ್ತೀನಿ" ಅಂದರೆ ಅದು ಲೆಕ್ಕ. ಲೆಕ್ಕ ಹೇಳಿದವರ ಹತ್ತಿರ ಆಮೇಲೆ ಮಾತಾಡುವುದೂ ಸುಲಭ. "ಏನಪ್ಪಾ, ಕಬ್ಬಿನ ಬಿಲ್ಲು ಬಂತಾ?" ಅಂದರೆ ಸಾಕು, ಸಾಲ ಅನ್ನುವ ಪದವೇ ಬೇಕಾಗುವುದಿಲ್ಲ.

ಹಳೆಯ ಸಾಲ ತೀರಿಸಲು ಹೊಸ ಸಾಲ ಕೇಳುತ್ತಿದ್ದರೆ ತುಸು ನಿಲ್ಲಿ. ನಿಮ್ಮ ದುಡ್ಡು ಅವರ ಮನೆಯ ಬಾಗಿಲನ್ನೂ ದಾಟದೆ ಬೇರೆಯವರ ಪಾಲಾಗುತ್ತದೆ. ಇಂಥವರಿಗೆ ದುಡ್ಡಿಗಿಂತ, ಜೊತೆಯಲ್ಲಿ ಕೂತು ಯಾರಿಗೆ ಎಷ್ಟು ಕೊಡಬೇಕು ಎಂದು ಒಂದು ಹಾಳೆಯ ಮೇಲೆ ಬರೆಸುವ ಒಬ್ಬರು ಬೇಕಾಗಿರುತ್ತದೆ.

ಹಂತ 4: ಇಲ್ಲ ಅನ್ನಬೇಕಾದರೆ

ಸಣ್ಣದಾಗಿ ಹೇಳಿ. "ಭಾವ, ಈ ಸಲ ನನ್ನಿಂದ ಆಗಲ್ಲ. ತಪ್ಪು ತಿಳ್ಕೋಬೇಡಿ." ಅಷ್ಟೇ. ಇದಕ್ಕೆ ಬಾಲ ಜೋಡಿಸಬೇಡಿ. "ಕಾರಿನ ಕಂತು ಇದೆ" ಅಂದರೆ "ಕಂತು 15ಕ್ಕೆ ತಾನೇ, ನಾನು 12ಕ್ಕೇ ಕೊಡ್ತೀನಿ" ಅನ್ನುತ್ತಾರೆ. ಒಂದೊಂದು ಕಾರಣಕ್ಕೂ ಒಂದೊಂದು ಉತ್ತರ ಬರುತ್ತದೆ. ಸುಳ್ಳು ಕಾರಣ ಇನ್ನೂ ಅಪಾಯ: ಮೊನ್ನೆ ದುಡ್ಡೇ ಇಲ್ಲ ಅಂದವರು ಇವತ್ತು ಹೊಸ ಫ್ರಿಜ್ ಇಳಿಸಿದರೆ ಬೀದಿಗೆಲ್ಲ ಕಾಣುತ್ತದೆ.

ಕೈಲಾದಷ್ಟನ್ನು ಹಾಗೇ ಕೊಟ್ಟುಬಿಡುವುದು ಇನ್ನೊಂದು ದಾರಿ. "50,000 ಆಗಲ್ಲ ಅಕ್ಕ. ಈ 5,000 ಇಟ್ಕೊಳ್ಳಿ, ವಾಪಸ್ ಬೇಡ." ಆದರೆ ಬೇಡ ಅಂದ ಮೇಲೆ ಬೇಡ. ಕೊಡುವಾಗ ಉಡುಗೊರೆ, ಜಗಳ ಬಂದಾಗ ಸಾಲ ಮಾಡುವವರನ್ನು ಯಾರೂ ಕ್ಷಮಿಸುವುದಿಲ್ಲ, ನಾನೂ ಕ್ಷಮಿಸಿಲ್ಲ.

ಹಂತ 5: ದುಡ್ಡು ಖಾತೆಗೆ, ಮಾತು ಮೆಸೇಜಿಗೆ

ಕೊಡುವುದೆಂದು ತೀರ್ಮಾನ ಆದರೆ ನಗದು ಬೇಡ. ಆದಾಯ ತೆರಿಗೆ ಕಾನೂನಿನ ಪ್ರಕಾರ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಸಾಲವನ್ನು ನಗದಾಗಿ ತೆಗೆದುಕೊಳ್ಳುವಂತಿಲ್ಲ. ತೆಗೆದುಕೊಂಡವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ತೀರಿಸುವಾಗಲೂ ಇದೇ ನಿಯಮ. "ಹತ್ತು ಹತ್ತು ಸಾವಿರವಾಗಿ ಎರಡು ಸಲ ಕೊಟ್ಟರೆ ಆಯ್ತಲ್ಲ" ಅನ್ನುವವರಿದ್ದಾರೆ. ಆಗುವುದಿಲ್ಲ, ಹಳೆಯ ಬಾಕಿಯನ್ನೂ ಸೇರಿಸಿಯೇ ಲೆಕ್ಕ ಹಿಡಿಯುತ್ತಾರೆ. ಇಬ್ಬರಿಗೂ ಬೇಸಾಯದ ಆದಾಯವೇ ಇದ್ದು, ತೆರಿಗೆಗೆ ಬರುವ ಆದಾಯ ಯಾರಿಗೂ ಇಲ್ಲದಿದ್ದರೆ ವಿನಾಯಿತಿ ಇದೆ.

ಬ್ಯಾಂಕಿನಿಂದ ಬ್ಯಾಂಕಿಗೆ ಕಳಿಸಿ. ಯುಪಿಐನಲ್ಲಿ ಕಳಿಸಿದರೆ ಷರಾ ಬರೆಯುವ ಜಾಗದಲ್ಲಿ "ಕೈಸಾಲ" ಎಂದು ಹಾಕಿ. ಷರಾ ಅಂದರೆ ಪಕ್ಕದಲ್ಲಿ ಬರೆಯುವ ಸಣ್ಣ ಟಿಪ್ಪಣಿ. ಕಳಿಸಿದ ಕೂಡಲೇ ಒಂದು ಮೆಸೇಜ್:

"ರಮೇಶಣ್ಣ, 40,000 ಹಾಕಿದ್ದೀನಿ. ಮಾರ್ಚ್ 10ರೊಳಗೆ ವಾಪಸ್ ಅಂತ ಮಾತಾಡಿದ್ವಿ. ಬಂತಾ ನೋಡಿ."

ಅವರು "ಬಂತಪ್ಪ, ಮಾರ್ಚ್ 10ಕ್ಕೆ ಹಾಕ್ತೀನಿ" ಅಂದರೆ ಹೆಚ್ಚುಕಡಿಮೆ ಕೆಲಸ ಮುಗಿಯಿತು. ಮೊತ್ತ, ತಾರೀಖು, ಒಪ್ಪಿಗೆ ಮೂರೂ ಒಂದೇ ಕಡೆ ಇವೆ. ಬರೀ ಹೆಬ್ಬೆರಳಿನ ಚಿತ್ರ ಬಂದರೆ ಸಾಲದು, ಫೋನ್ ಮಾಡಿ ಮಾತಿನಲ್ಲೇ ಹೇಳಿಸಿ ಮತ್ತೊಂದು ಮೆಸೇಜ್ ಹಾಕಿ.

ನಾನು ಇದನ್ನು ಕಲಿತದ್ದು ಪೆಟ್ಟು ತಿಂದು. ನನ್ನ ದೊಡ್ಡಪ್ಪನ ಮಗನಿಗೆ ಒಮ್ಮೆ ನಗದು ಕೊಟ್ಟಿದ್ದೆ, ತಾರೀಖು ಹೇಳಿರಲಿಲ್ಲ. ಒಂದು ವರ್ಷದ ಮೇಲೆ ಮದುವೆಯೊಂದರಲ್ಲಿ ಅವನನ್ನು ಕಂಡೆ. ಊಟಕ್ಕೆ ಎಲೆ ಹಾಕಿದ್ದರು. ನಾನು ಕೂತ ಸಾಲನ್ನು ನೋಡಿದ, ಎಲೆಯ ಮುಂದೆ ಕೂತಿದ್ದ ಮಗುವನ್ನು ಎಬ್ಬಿಸಿಕೊಂಡು ಮುಂದಿನ ಪಂಕ್ತಿಗೆ ಕಾಯಲು ಹೊರಗೆ ಹೋದ. ಹಸಿದ ಮಗು ಅದು, ಉಪ್ಪು, ಕೋಸಂಬರಿ ಆಗಲೇ ಬಡಿಸಿಯಾಗಿತ್ತು. ನಾನು ಅವತ್ತು ದುಡ್ಡು ಕೇಳಬೇಕು ಅಂತ ಅಂದುಕೊಂಡೂ ಇರಲಿಲ್ಲ.

ಹಂತ 6: ಮೊತ್ತ ದೊಡ್ಡದಾದರೆ ಪ್ರೋನೋಟ್

ಪ್ರೋನೋಟ್ ಅಂದರೆ "ಇಂಥವರಿಂದ ಇಷ್ಟು ಪಡೆದಿದ್ದೇನೆ, ಅವರು ಕೇಳಿದಾಗ ಕೊಡುತ್ತೇನೆ" ಎಂದು ಸಾಲ ಪಡೆದವರು ಬರೆದುಕೊಡುವ ಕಾಗದ. ಎಷ್ಟಾದರೆ ಬೇಕು? ನಿಮ್ಮ ಎರಡು ತಿಂಗಳ ದುಡಿಮೆಗಿಂತ ಜಾಸ್ತಿಯಾದರೆ ಬರೆಸಿ ಎನ್ನುವುದು ನನ್ನ ಲೆಕ್ಕ.

ಬರೆಸುವಾಗ ಇಷ್ಟು ನೋಡಿ:

ಮೊತ್ತ ಅಂಕಿಯಲ್ಲೂ ಅಕ್ಷರದಲ್ಲೂ ಇರಲಿ. ತಾರೀಖು, ಊರು, ಇಬ್ಬರ ಪೂರ್ತಿ ಹೆಸರು ವಿಳಾಸ ಬರಲಿ. ರೂಢಿಯಂತೆ 1 ರೂಪಾಯಿಯ ರೆವಿನ್ಯೂ ಸ್ಟಾಂಪ್ ಅಂಟಿಸಿ, ಸಹಿ ಅದರ ಮೇಲೆ ಹಾದು ಹೋಗುವ ಹಾಗೆ ಹಾಕಿಸಿ. ಸ್ಟಾಂಪ್ ಇಲ್ಲದ ಪ್ರೋನೋಟನ್ನು ಕೋರ್ಟು ಸಾಕ್ಷಿಯಾಗಿ ತೆಗೆದುಕೊಳ್ಳುವುದಿಲ್ಲ. ಬೇರೆ ಕಾಗದಪತ್ರಕ್ಕಾದರೆ ಆಮೇಲೆ ದಂಡ ಕಟ್ಟಿ ಸರಿಮಾಡಬಹುದು, ಪ್ರೋನೋಟಿಗೆ ಆ ದಾರಿಯೂ ಇಲ್ಲ. "ಕೇಳಿದಾಗ ಕೊಡುತ್ತೇನೆ" ಅಂತಲೇ ಬರೆಸಿ. ಒಂದು ಗಡುವು ಹಾಕಿದರೆ ಸ್ಟಾಂಪಿನ ಲೆಕ್ಕವೇ ಬದಲಾಗುತ್ತದೆ. ವಾಪಸ್ ಕೊಡುವ ತಾರೀಖನ್ನು ಮೆಸೇಜಿನಲ್ಲಿ ಇಟ್ಟುಕೊಳ್ಳಿ.

ಖಾಲಿ ಕಾಗದಕ್ಕೆ ಸಹಿ, ಖಾಲಿ ಚೆಕ್ ತೆಗೆದುಕೊಳ್ಳುವ ಅಭ್ಯಾಸ ನಮ್ಮಲ್ಲಿ ಬಹಳ. ನೀವು ಕೇಳಲೂ ಬೇಡಿ, ಯಾರಿಗೂ ಕೊಡಲೂ ಬೇಡಿ. ನೆಂಟಸ್ತಿಕೆಗೆ ಅದಕ್ಕಿಂತ ಕೆಟ್ಟ ಶುರು ಇಲ್ಲ.

"ಸ್ವಂತ ತಮ್ಮನ ಹತ್ತಿರ ಪ್ರೋನೋಟ್ ಕೇಳೋದಾ?" ಅಂತ ಎದೆ ಹಿಂಜರಿಯುತ್ತದೆ, ಗೊತ್ತು. ಹೀಗೆ ಹೇಳಿ ನೋಡಿ: "ನಾಳೆ ನನಗೇನಾದರೂ ಆದರೆ ನಿನ್ನ ಅತ್ತಿಗೆಗೆ ಲೆಕ್ಕ ಗೊತ್ತಿರಬೇಕು ಕಣೋ. ನಿನಗೇನಾದರೂ ಆದರೆ ನಿಮ್ಮ ಮನೆಯವಳನ್ನ ಯಾರೂ ಜಾಸ್ತಿ ಕೇಳಬಾರದು." ಇದರಲ್ಲಿ ಒಂದಕ್ಷರವೂ ನೆಪವಲ್ಲ.

ದುಡ್ಡಲ್ಲ, ಸಹಿ ಕೇಳಿದರೆ?

ಹಂತಗಳ ನಡುವೆ ಇದೊಂದನ್ನು ಹೇಳಲೇಬೇಕು. "ದುಡ್ಡು ಬೇಡಪ್ಪ, ಸೊಸೈಟಿ ಸಾಲಕ್ಕೆ ಒಂದು ಜಾಮೀನು ಹಾಕು ಸಾಕು" ಅನ್ನುತ್ತಾರೆ. ಖರ್ಚಿಲ್ಲದ ಸಹಾಯದಂತೆ ಕಾಣುತ್ತದೆ. 1872ರ ಭಾರತೀಯ ಕರಾರು ಕಾಯ್ದೆ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ಸಾಲಗಾರನಿಗೆ ಎಷ್ಟು ಹೊಣೆಯೋ ಜಾಮೀನುದಾರನಿಗೂ ಅಷ್ಟೇ ಹೊಣೆ. ಮೊದಲು ಅವನ ಬೆನ್ನು ಹತ್ತಿ, ಸಿಗದಿದ್ದರೆ ಆಮೇಲೆ ನನ್ನ ಹತ್ತಿರ ಬನ್ನಿ ಅನ್ನಲು ಆಗುವುದಿಲ್ಲ. ಆದ್ದರಿಂದ 3 ಲಕ್ಷದ ಸಾಲಕ್ಕೆ ಜಾಮೀನು ಕೇಳಿದರೆ 3 ಲಕ್ಷ ಕೈಗಡ ಕೇಳಿದರು ಎಂದೇ ತಿಳಿದು ಹಂತ 2ಕ್ಕೆ ವಾಪಸ್ ಹೋಗಿ.

ಹಂತ 7: ಕೇಳುವುದು

ತಾರೀಖು ದಾಟುವವರೆಗೆ ಕಾಯಬೇಡಿ. ಒಂದು ವಾರ ಮುಂಚೆ ನೆನಪಿಸಿ. ತಾರೀಖಿಗೆ ಮುಂಚೆ ಹೇಳಿದರೆ ಅದು ನೆನಪು, ದಾಟಿದ ಮೇಲೆ ಹೇಳಿದರೆ ಅದೇ ದೂರು.

"ಭಾವ, 10ನೇ ತಾರೀಖು ಹತ್ರ ಬಂತು. ಮಗಳ ಫೀಸು ಅದರಲ್ಲೇ ಕಟ್ಟೋಣ ಅಂತಿದ್ದೀನಿ. ಅವತ್ತು ಹಾಕ್ತೀರಲ್ವಾ?"

ತಾರೀಖು ಹೇಳಿ, ನಿಜವಾದ ಕಾರಣ ಇದ್ದರೆ ಹೇಳಿ, ಹೌದು ಅಥವಾ ಇಲ್ಲ ಅನ್ನಲು ಬರುವಂಥ ಪ್ರಶ್ನೆ ಕೇಳಿ. "ಸ್ವಲ್ಪ ನೋಡಿ ಭಾವ, ಆದಾಗ ಕೊಡಿ" ಅನ್ನಬೇಡಿ. ಹಾಗೆ ಅಂದರೆ ಹಳೆಯ ತಾರೀಖನ್ನು ನೀವೇ ಅಳಿಸಿದ ಹಾಗೆ.

ಸಮಯ ನೋಡಿ ಕೇಳಿ. ಸಂಬಳದವರಿಗೆ ತಿಂಗಳ ಮೊದಲ ವಾರ, ಅಡಿಕೆಯವರಿಗೆ ಫಸಲು ಮಾರಿದ ಮೇಲೆ, ಅಂಗಡಿಯವರಿಗೆ ಹಬ್ಬದ ವ್ಯಾಪಾರ ಮುಗಿದ ಮೇಲೆ. ಹಂತ 3ರ ಮೂರನೇ ಪ್ರಶ್ನೆ ಕೇಳಿದ್ದರೆ ನಿಮಗೆ ಇದು ಆಗಲೇ ಗೊತ್ತಿರುತ್ತದೆ.

ಎಲ್ಲರೂ ಮಾಡುವ ತಪ್ಪುಗಳು: ಕುಟುಂಬದ ವಾಟ್ಸಾಪ್ ಗ್ರೂಪಿನಲ್ಲಿ ಚುಚ್ಚಿ ಬರೆಯುವುದು. ಗೃಹಪ್ರವೇಶಕ್ಕೆ ಹೋಗಿ "ಇದಕ್ಕೆಲ್ಲ ದುಡ್ಡಿದೆ" ಅನ್ನುವುದು. ಅವರ ಹೆಂಡತಿಗೋ ತಾಯಿಗೋ ಫೋನ್ ಮಾಡುವುದು. ಇದರಿಂದ ದುಡ್ಡು ಬಂದದ್ದನ್ನು ನಾನು ಕಂಡಿಲ್ಲ. ಅವಮಾನ ಆದವರಿಗೆ ಕೊಡದೇ ಇರಲು ಒಂದು ಕಾರಣ ಸಿಗುತ್ತದೆ, ಅಷ್ಟೇ.

ಹಂತ 8: ತಾರೀಖು ದಾಟಿತು, ದುಡ್ಡು ಬರಲಿಲ್ಲ

ಮೊದಲು ಕಂತು ಮಾಡಿಕೊಡಿ. 60,000 ಒಟ್ಟಿಗೆ ಆಗದವರಿಗೆ ತಿಂಗಳಿಗೆ 5,000 ಆಗಬಹುದು, ಒಂದು ವರ್ಷಕ್ಕೆ ಮುಗಿಯುತ್ತದೆ. ಮಾತು ನಿಮ್ಮಿಂದಲೇ ಬರಲಿ, ಕೇಳಲು ಅವರಿಗೆ ನಾಚಿಕೆ ಇರುತ್ತದೆ. ಜಾಸ್ತಿ ಪ್ರಕರಣ ಇಲ್ಲಿಗೇ ಮುಗಿಯುತ್ತವೆ.

ಅದೂ ನಡೆಯದಿದ್ದರೆ ಇಬ್ಬರೂ ಮರ್ಯಾದೆ ಕೊಡುವ ಒಬ್ಬರನ್ನು, ಒಬ್ಬರನ್ನು ಮಾತ್ರ, ನಡುವೆ ಕರೆಯಿರಿ. ಸೋದರಮಾವ ಇರಬಹುದು, ಹಳೆಯ ಮೇಷ್ಟ್ರು ಇರಬಹುದು. ನಾಲ್ಕು ಜನ ಕೂತರೆ ಅದು ಪಂಚಾಯ್ತಿಯಾಗುತ್ತದೆ, ದುಡ್ಡಿನ ಮಾತು ಬಿಟ್ಟು ಹತ್ತು ವರ್ಷದ ಹಿಂದಿನ ಸೈಟಿನ ಮಾತು ಶುರುವಾಗುತ್ತದೆ.

ಈ ನಡುವೆ ಕ್ಯಾಲೆಂಡರ್ ಮೇಲೆ ಕಣ್ಣಿರಲಿ. ಕೊಟ್ಟ ಸಾಲಕ್ಕೆ ದಾವೆ ಹಾಕಲು 1963ರ ಕಾಲಮಿತಿ ಕಾಯ್ದೆಯಲ್ಲಿ 3 ವರ್ಷದ ಅವಧಿ ಇದೆ. "ಕೇಳಿದಾಗ ಕೊಡುತ್ತೇನೆ" ಎನ್ನುವ ಪ್ರೋನೋಟಿಗೆ ಈ 3 ವರ್ಷ ಲೆಕ್ಕವಾಗುವುದು ನೀವು ಕೇಳಿದ ದಿನದಿಂದಲ್ಲ, ಪ್ರೋನೋಟಿನ ತಾರೀಖಿನಿಂದ. ಬಹಳ ಜನ ಎಡವುವುದು ಇಲ್ಲೇ. ಅವಧಿ ಮುಗಿಯುವ ಮುಂಚೆ ಅವರು "ಬಾಕಿ ಇಷ್ಟಿದೆ" ಎಂದು ಬರೆದು ಸಹಿ ಮಾಡಿದರೆ, ಆ ದಿನದಿಂದ ಹೊಸದಾಗಿ 3 ವರ್ಷ ಸಿಗುತ್ತದೆ. ಅದಕ್ಕೇ ಸ್ವಲ್ಪ ಸ್ವಲ್ಪ ಕೊಟ್ಟಾಗಲೆಲ್ಲ ಪ್ರೋನೋಟಿನ ಹಿಂಭಾಗದಲ್ಲಿ "ಇವತ್ತು 10,000 ಕೊಟ್ಟಿದ್ದೇನೆ, ಬಾಕಿ 50,000" ಎಂದು ಅವರ ಕೈಯಲ್ಲೇ ಷರಾ ಬರೆಸಿ ಸಹಿ ಹಾಕಿಸಿ.

ಅವರು ಕೊಟ್ಟ ಚೆಕ್ ಬೌನ್ಸ್ ಆದರೆ ಗಡಿಯಾರ ಇನ್ನೂ ಬೇಗ ಓಡುತ್ತದೆ. ಬ್ಯಾಂಕಿನಿಂದ ಮಾಹಿತಿ ಬಂದ 30 ದಿನದೊಳಗೆ ಬರಹದ ನೋಟಿಸ್ ಕಳಿಸಬೇಕು. ನೋಟಿಸ್ ತಲುಪಿದ ಮೇಲೆ ದುಡ್ಡು ಕೊಡಲು ಅವರಿಗೆ 15 ದಿನ. ಕೊಡದಿದ್ದರೆ ಅಲ್ಲಿಂದ ಒಂದು ತಿಂಗಳೊಳಗೆ ನಿಮ್ಮ ದೂರು. ಈ ಹೊತ್ತಿಗೆ ವಕೀಲರು ಬೇಕೇ ಬೇಕು.

ಕೋರ್ಟಿಗೆ ಮುಂಚೆ ಇನ್ನೊಂದು ಬಾಗಿಲಿದೆ. ತಾಲ್ಲೂಕು ಕೋರ್ಟಿನ ಆವರಣದಲ್ಲಿ ಕಾನೂನು ಸೇವಾ ಸಮಿತಿ ಇರುತ್ತದೆ, ಸಹಾಯವಾಣಿ 15100. ಕೇಸು ಹಾಕುವ ಮೊದಲೇ ವಿಷಯವನ್ನು ಲೋಕ ಅದಾಲತ್ತಿಗೆ ಒಯ್ಯಬಹುದು. ಅಲ್ಲಿ ಕೋರ್ಟ್ ಶುಲ್ಕ ಇಲ್ಲ. ಇಬ್ಬರೂ ಒಪ್ಪಿ ರಾಜಿಯಾದರೆ ಅದಕ್ಕೆ ಕೋರ್ಟಿನ ಡಿಕ್ರಿಯಷ್ಟೇ, ಅಂದರೆ ತೀರ್ಪಿನಷ್ಟೇ, ಬಲ. ಅದರ ಮೇಲೆ ಮೇಲ್ಮನವಿ ಇಲ್ಲ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. ಇದು ಬಹಳ ಜನಕ್ಕೆ ಗೊತ್ತೇ ಇಲ್ಲ.

ಇಲ್ಲವೇ ಬಿಟ್ಟುಬಿಡಿ. ಅವರಿಗೆ ನಿಜವಾಗಲೂ ಇಲ್ಲ, ಮುಂದೆಯೂ ಆಗುವ ಹಾಗಿಲ್ಲ ಅಂತ ಗೊತ್ತಾದರೆ ಬಾಯಿಬಿಟ್ಟು ಹೇಳಿ: "ಆ ದುಡ್ಡಿನ ಮಾತು ಇಲ್ಲಿಗೆ ಬಿಟ್ಟೆ. ಮನೆಗೆ ಬರೋದು ನಿಲ್ಲಿಸಬೇಡ." ಮನಸ್ಸಿನಲ್ಲೇ ಬಿಟ್ಟರೆ ಅವರಿಗೆ ಗೊತ್ತಾಗುವುದಿಲ್ಲ, ಅವರು ತಲೆ ತಪ್ಪಿಸುತ್ತಲೇ ಇರುತ್ತಾರೆ.

ಸಾಲ ತೆಗೆದುಕೊಂಡವರು ನೀವಾಗಿದ್ದರೆ

ನಿಮಗೆ ಹೇಳುವುದು ಒಂದೇ. ತಾರೀಖಿಗೆ ಆಗುವುದಿಲ್ಲ ಅಂತ ಗೊತ್ತಾದ ದಿನವೇ ನೀವಾಗಿ ಫೋನ್ ಮಾಡಿ. "ಅಣ್ಣಾ, 10ಕ್ಕೆ ಪೂರ್ತಿ ಆಗಲ್ಲ. 8,000 ಈಗ ಹಾಕ್ತೀನಿ, ಉಳಿದದ್ದು ಮೇ 5ಕ್ಕೆ." ಕೊಟ್ಟವರಿಗೆ ಉರಿಯುವುದು ತಡವಾದದ್ದಕ್ಕಲ್ಲ, ಫೋನ್ ಎತ್ತದೆ ಇದ್ದದ್ದಕ್ಕೆ. ಇನ್ನೊಂದು, ಬಾಕಿ ಇರುವಾಗ ಊಟಿ ಪ್ರವಾಸದ ಫೋಟೋ ಸ್ಟೇಟಸ್ಸಿಗೆ ಹಾಕಬೇಡಿ. ಹೋಗಬೇಡಿ ಅನ್ನುತ್ತಿಲ್ಲ, ಹಾಕಬೇಡಿ ಅನ್ನುತ್ತಿದ್ದೇನೆ.

ಹಂತ 9: ದುಡ್ಡು ಬಂದ ಮೇಲೆ

ಬಂದ ಕೂಡಲೇ "40,000 ಪೂರ್ತಿ ಬಂತು, ಲೆಕ್ಕ ಚುಕ್ತಾ" ಅಂತ ಮೆಸೇಜ್ ಹಾಕಿ. ಚುಕ್ತಾ ಅಂದರೆ ಬಾಕಿ ಏನೂ ಇಲ್ಲ. ಪ್ರೋನೋಟ್ ಇದ್ದರೆ ಅದರ ಮೇಲೆ ಅಡ್ಡಗೆರೆ ಎಳೆದು, "ಪೂರ್ತಿ ಸಂದಿದೆ" ಎಂದು ಬರೆದು ಸಹಿ ಮಾಡಿ ಅವರ ಕೈಗೇ ಕೊಡಿ. ಬೀರುವಿನಲ್ಲಿ ಉಳಿಸಿಕೊಳ್ಳಬೇಡಿ, ನಾಳೆ ನಿಮ್ಮ ಮಕ್ಕಳ ಕೈಗೆ ಸಿಕ್ಕರೆ ಮತ್ತೆ ತಾಪತ್ರಯ.

ಬಡ್ಡಿ ಇಲ್ಲದ ದುಡ್ಡಲ್ವಾ, ಕೆಲವರು ಬರುವಾಗ ಒಂದು ಹಲಸಿನ ಹಣ್ಣೋ, ಮನೆಯ ತೆಂಗಿನಕಾಯಿಯೋ ಹೊತ್ತು ತರುತ್ತಾರೆ. "ಅಯ್ಯೋ ಇದೆಲ್ಲ ಯಾಕೆ" ಎಂದು ವಾಪಸ್ ಕಳಿಸಬೇಡಿ. ಅಲ್ಲೇ ಪೇಪರ್ ಹಾಸಿ, ಕೈಗೆ ಎಣ್ಣೆ ಸವರಿಕೊಂಡು ಹಣ್ಣು ಬಿಡಿಸಿ, ಕಾಲುಭಾಗ ಅವರ ಮನೆಗೂ ಕಟ್ಟಿಕೊಡಿ.